ಯೂರಿನ್ ಮಿಷನ್ನು ಒಂದು ಹೇಳುತ್ತದೆ, ಮೈಕ್ರೋಸ್ಕೋಪು ಇನ್ನೊಂದು: ರಿಪೋರ್ಟಿನಲ್ಲಿ ಏನು ಬರೆಯಬೇಕು?

ಪ್ರಶ್ನೆ:

ಮಂಡ್ಯದಲ್ಲಿ ಚಿಕ್ಕ ಲ್ಯಾಬ್ ನಡೆಸುತ್ತಿದ್ದೇನೆ. ನಾನೂ ಸೇರಿ ಇಬ್ಬರು ಟೆಕ್ನಿಷಿಯನ್ನರು. ದಿನಕ್ಕೆ 70–80 ಯೂರಿನ್ ಸ್ಯಾಂಪಲ್ ಬರುತ್ತವೆ. ಅರ್ಧದಷ್ಟು ಮದ್ದೂರು, ಮಳವಳ್ಳಿಯ ಕಲೆಕ್ಷನ್ ಪಾಯಿಂಟುಗಳವು. ಅಲ್ಲಿ ಬೆಳಿಗ್ಗೆ 7ಕ್ಕೆ ತೆಗೆದುಕೊಂಡದ್ದನ್ನು ನಮ್ಮ ಹುಡುಗ ಬೈಕಿನಲ್ಲಿ ತರುವ ಹೊತ್ತಿಗೆ 11 ದಾಟಿರುತ್ತದೆ. ಕಳೆದ ವರ್ಷ ಸಾಲ ಮಾಡಿ, ಮೂತ್ರದಲ್ಲಿ ಅದ್ದಿದ ಪಟ್ಟಿಯ ಬಣ್ಣ ಓದುವ 10 ಪ್ಯಾರಾಮೀಟರಿನ ಸ್ಟ್ರಿಪ್ ರೀಡರ್, ಜೊತೆಗೆ ಕಣಗಳ ಚಿತ್ರ ತೆಗೆದು ಎಣಿಸುವ ಆಟೋಮ್ಯಾಟಿಕ್ ಮಿಷನ್ ಹಾಕಿಸಿದೆವು. ಅಂದಿನಿಂದ ತಲೆನೋವು. "ಏನಮ್ಮಾ, ಮೇಲುಗಡೆ ಬ್ಲಡ್ಡು ಎರಡು ಪ್ಲಸ್ ಅಂತಿದೆ, ಕೆಳಗಡೆ ಆರ್‌ಬಿಸಿ ನಿಲ್ ಅಂತಿದೆ, ನಾನು ಯಾವ್ದನ್ನ ನಂಬ್ಲಿ?" ಎಂದು ಡಾಕ್ಟರು ಫೋನ್ ಮಾಡುತ್ತಾರೆ. ಹೋದ ತಿಂಗಳು ಸಕ್ಕರೆ ಕಾಯಿಲೆ ಇರುವ ಒಬ್ಬರಿಗೆ ಆರ್‌ಬಿಸಿ (ಕೆಂಪು ರಕ್ತಕಣ) 60 ಬಂತು, ಸ್ಟ್ರಿಪ್‌ನಲ್ಲಿ ಬ್ಲಡ್ ನಿಲ್, ಶುಗರ್ 4+ (ರಕ್ತದಲ್ಲಿ ಫಾಸ್ಟಿಂಗ್ 128 ಅಷ್ಟೇ). ಅವರು ಸ್ಕ್ಯಾನ್ ಮಾಡಿಸಿ, ಮೈಸೂರಿನಲ್ಲಿ ಮತ್ತೆ ಯೂರಿನ್ ತೋರಿಸಿದಾಗ ರಕ್ತವೇ ಇಲ್ಲ ಎಂದರಂತೆ. ಮಳೆಗಾಲ ಶುರುವಾದ ಮೇಲೆ ನೈಟ್ರೈಟ್ (ಸೋಂಕಿನ ಸುಳಿವು) ಪಾಸಿಟಿವ್ ಜಾಸ್ತಿ ಬರುತ್ತಿದೆ. ಪ್ರೋಟೀನ್ 1+ ಎಂದು ನಾವು ಕೊಟ್ಟರೆ ಬೇರೆ ಲ್ಯಾಬಿನಲ್ಲಿ ನಿಲ್. ಆದರೆ ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರುವ ಪರೀಕ್ಷಾ ದ್ರವ) ದಿನಾ ಪಾಸ್ ಆಗುತ್ತದೆ, ಕಂಪನಿಯ ಎಂಜಿನಿಯರ್ ಕೂಡ ಮಿಷನ್ ಚೆನ್ನಾಗಿದೆ ಎನ್ನುತ್ತಾರೆ. ಮಿಷನ್ ಬದಲಿಸಬೇಕೇ? ಇಲ್ಲ, ಎಲ್ಲವನ್ನೂ ಮತ್ತೆ ಮೈಕ್ರೋಸ್ಕೋಪಿನಲ್ಲೇ ನೋಡಬೇಕೇ?

ಉತ್ತರ:

ಎರಡೂ ಬೇಡ. ನೀವು ಬರೆದಿರುವುದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಮಿಷನ್ ಕೆಟ್ಟಿದೆ ಎನ್ನುವ ಲಕ್ಷಣ ಕಡಿಮೆ. ಕೆಟ್ಟಿರುವುದು ಮಿಷನ್ನಿಗೆ ಮುಂಚಿನ ನಾಲ್ಕು ಗಂಟೆ ಮತ್ತು ಮಿಷನ್ ಆದಮೇಲಿನ ಎರಡು ನಿಮಿಷ. ಮೊದಲನೆಯದು ಬೈಕಿನ ಪ್ರಯಾಣ. ಎರಡನೆಯದು, ಪರದೆಯ ಮೇಲೆ ಬಂದ ಅಂಕಿಯನ್ನು ಯಾರೂ ತಾಳೆ ನೋಡದೆ ಪ್ರಿಂಟ್ ಒತ್ತುವುದು.

ಕಂಟ್ರೋಲ್ ವಿಷಯ ಮೊದಲು ಇತ್ಯರ್ಥ ಮಾಡೋಣ, ಏಕೆಂದರೆ ಎಂಜಿನಿಯರ್ ಹೇಳುವುದೂ ನೀವು ನಂಬಿರುವುದೂ ಅದನ್ನೇ. ಕಂಟ್ರೋಲ್ ದ್ರವ ತಿಂಗಳುಗಟ್ಟಲೆ ಕೆಡದಂತೆ ತಯಾರಾದದ್ದು. ಅದರಲ್ಲಿ ಲೋಳೆ ಇಲ್ಲ, ಈಸ್ಟ್ ಇಲ್ಲ, ಹರಳಿನ ಗಸಿ ಇಲ್ಲ, ವಿಟಮಿನ್ ಸಿ ಮಾತ್ರೆ ನುಂಗಿದವರ ಮೂತ್ರವೂ ಅದಲ್ಲ, ಮಳವಳ್ಳಿಯಿಂದ ಬಿಸಿಲಲ್ಲಿ ಬಂದದ್ದೂ ಅಲ್ಲ. ಕಂಟ್ರೋಲ್ ಪಾಸ್ ಆಯಿತು ಎಂದರೆ ದೀಪ, ಸೆನ್ಸರ್, ಪಂಪು, ಆ ಬಾಟಲಿಯ ಸ್ಟ್ರಿಪ್ಪು ಕೆಲಸ ಮಾಡುತ್ತಿವೆ ಎಂದಷ್ಟೇ ಅರ್ಥ. ಟ್ಯೂಬಿನಲ್ಲಿರುವುದು ರೋಗಿಯ ಮೂತ್ರಕೋಶದಲ್ಲಿದ್ದದ್ದೇ ಹೌದೋ ಎಂಬುದನ್ನು ಅದು ಹೇಳಲಾರದು. ದಿನಕ್ಕೆ ಎರಡು ಮಟ್ಟದ ಕಂಟ್ರೋಲ್ ಹಾಕುವುದನ್ನು ಬಿಡಬೇಡಿ. ಹೊಸ ಸ್ಟ್ರಿಪ್ ಬಾಟಲಿ ತೆರೆದಾಗಲೂ ಹಾಕಿ.

ಇನ್ನೊಂದು ತಪ್ಪು ತಿಳಿವಳಿಕೆ, ಎರಡು ಮಿಷನ್ ಇದ್ದರೆ ಒಂದನ್ನೊಂದು ಪರೀಕ್ಷಿಸಿಕೊಳ್ಳುತ್ತವೆ ಎನ್ನುವುದು. ಅವು ನೋಡುವ ವಸ್ತುವೇ ಬೇರೆ. ಸ್ಟ್ರಿಪ್ಪಿನ ಬ್ಲಡ್ ಪ್ಯಾಡ್ (ಪಟ್ಟಿಯ ಮೇಲೆ ಬಣ್ಣ ಬದಲಿಸುವ ಚೌಕ) ಕೆಂಪು ರಕ್ತಕಣವನ್ನು ನೋಡುವುದಿಲ್ಲ, ಅದರೊಳಗಿನ ಹೀಮ್ ಎಂಬ ಅಂಶದ ರಾಸಾಯನಿಕ ಗುಣವನ್ನು ನೋಡುತ್ತದೆ. ಎಣಿಸುವ ಮಿಷನ್ ಹೀಮನ್ನು ನೋಡುವುದಿಲ್ಲ, ಗಾತ್ರ ಮತ್ತು ಆಕಾರ ನೋಡುತ್ತದೆ. ಇವೆರಡೂ ಬೇರೆ ಬೇರೆ ಹೇಳಿದಾಗ ಒಂದು ಸುಳ್ಳು ಎಂದು ತೀರ್ಮಾನಿಸುವ ಅವಸರ ಬೇಡ. ಹೊಂದದೆ ಇರುವುದೇ ಅತ್ಯಂತ ಉಪಯುಕ್ತ ಸುಳಿವು, ಅದನ್ನು ಅಳಿಸಿ ರಿಪೋರ್ಟ್ ಚಂದ ಮಾಡಲು ಹೋಗಬಾರದು.

ಈಗ ನಿಮ್ಮ ಮೊದಲ ತೊಂದರೆ: ಬ್ಲಡ್ 2+, ಆರ್‌ಬಿಸಿ ನಿಲ್. ನಿಮ್ಮ ಲ್ಯಾಬಿನ ಮಟ್ಟಿಗೆ ನಾನು ಮೊದಲು ಅನುಮಾನಿಸುವುದು ಒಡೆದ ಕಣಗಳನ್ನು. ಮೂತ್ರ ತೆಳ್ಳಗಿದ್ದರೆ, ಅಂದರೆ ಸ್ಪೆಸಿಫಿಕ್ ಗ್ರ್ಯಾವಿಟಿ 1.010ಕ್ಕಿಂತ ಕೆಳಗಿದ್ದರೆ, ಕೆಂಪು ಕಣಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ. ಪಿಎಚ್ ಏರಿದರೂ ಅಷ್ಟೇ. ಹೊರಗೆ ಇಟ್ಟ ಮೂತ್ರದಲ್ಲಿ ಯೂರಿಯಾ ಒಡೆಯುವ ಬ್ಯಾಕ್ಟೀರಿಯಾ ಅಮೋನಿಯಾ ಮಾಡುತ್ತಾ ಪಿಎಚ್ ಏರಿಸುತ್ತದೆ. ಕಣ ಒಡೆದರೂ ಹೀಮ್ ಅಲ್ಲೇ ಇರುತ್ತದೆ. ಹಾಗಾಗಿ ಸ್ಟ್ರಿಪ್ 2+ ಎನ್ನುತ್ತದೆ, ಎಣಿಕೆಯಲ್ಲಿ ಏನೂ ಸಿಗುವುದಿಲ್ಲ. ಎರಡೂ ನಿಜವನ್ನೇ ಹೇಳುತ್ತಿವೆ. ಬಿಳಿ ಕಣಗಳಿಗೂ ಕಾಸ್ಟ್‌ಗಳಿಗೂ (ಕಿಡ್ನಿಯ ನಳಿಕೆಗಳಲ್ಲಿ ಅಚ್ಚಾಗಿ ಬರುವ ಉರುಳೆಗಳು) ಇದೇ ಗತಿ. ಕ್ಷಾರೀಯ ಮೂತ್ರದಲ್ಲಿ ಕಾಸ್ಟ್ ಕರಗಿಹೋದರೆ ಕಿಡ್ನಿಯ ಉರಿಯೂತದ ದೊಡ್ಡ ಸಾಕ್ಷಿಯೇ ಹೋಯಿತು. ಇದು ಸ್ಕ್ಯಾನಿನ ಖರ್ಚಿಗಿಂತ ಕೆಟ್ಟ ನಷ್ಟ.

ಇದನ್ನು ಊಹೆಯ ಮೇಲೆ ಬಿಡಬೇಡಿ. ಎರಡು ವಾರ ಒಂದು ರಿಜಿಸ್ಟರ್ ಇಡಿ: ಹೊಂದದ ಪ್ರತಿ ಸ್ಯಾಂಪಲ್ಲಿಗೆ ಎಲ್ಲಿಂದ ಬಂತು, ಎಷ್ಟು ಹೊತ್ತಿಗೆ ಹಿಡಿದದ್ದು, ಎಷ್ಟು ಹೊತ್ತಿಗೆ ಓಡಿಸಿದ್ದು, ಗ್ರ್ಯಾವಿಟಿ, ಪಿಎಚ್. ಮದ್ದೂರು–ಮಳವಳ್ಳಿಯ ಸಾಲುಗಳೇ ಹೆಚ್ಚು ತುಂಬಿದರೆ ಉತ್ತರ ಸಿಕ್ಕಿತು. ಜೊತೆಗೆ ನಿಮ್ಮ ಕೌಂಟರಿನಲ್ಲೇ ಕೊಟ್ಟ ಹತ್ತು ತಾಜಾ ಸ್ಯಾಂಪಲ್ ಆರಿಸಿ. ಕೆಲವಾದರೂ ರಕ್ತ ಅಥವಾ ಪಸ್ ಸೆಲ್ಸ್ (ಬಿಳಿ ಕಣ) ಇರುವಂಥವಾಗಿರಲಿ. ಒಮ್ಮೆ ಕೂಡಲೇ ಓಡಿಸಿ. ಉಳಿದದ್ದನ್ನು ಎರಡು ಪಾಲು ಮಾಡಿ, ಒಂದನ್ನು ನಾಲ್ಕು ಗಂಟೆ ಟೇಬಲ್ಲಿನ ಮೇಲೆ, ಇನ್ನೊಂದನ್ನು ಫ್ರಿಜ್ಜಿನಲ್ಲಿಟ್ಟು ಮತ್ತೆ ಓಡಿಸಿ. ಆ ಮೂರು ಕಾಲಂ ಪಕ್ಕಪಕ್ಕ ನೋಡಿದ ಮೇಲೆ ಬೈಕಿನ ಹುಡುಗನಿಗೆ ಐಸ್ ಬಾಕ್ಸ್ ಯಾಕೆ ಎಂದು ವಿವರಿಸುವುದು ಸುಲಭ.

ನಿಯಮ ಸರಳ: ಹಿಡಿದ ಎರಡು ಗಂಟೆಯೊಳಗೆ ಪರೀಕ್ಷೆ, ಆಗದಿದ್ದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೈತ್ಯ. ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ ಎಂದಿಟ್ಟುಕೊಂಡರೆ ನಾಲ್ಕು ಗಂಟೆಯಲ್ಲಿ ಒಂದು 256 ಆಗುತ್ತದೆ. ಇದರ ಜೊತೆಗೆ ಶುಗರ್ ಇಳಿಯುತ್ತದೆ, ಅಸಿಟೋನ್ ಆವಿಯಾಗಿ ಕೀಟೋನ್ ಕಡಿಮೆಯಾಗುತ್ತದೆ, ಬೆಳಕಿಗೆ ಬಿಲಿರುಬಿನ್ ನಾಶವಾಗುತ್ತದೆ. ಐಸ್ ಬಾಕ್ಸಿನಲ್ಲಿ ಜೆಲ್ ಪ್ಯಾಕ್ ಟ್ಯೂಬಿಗೆ ನೇರ ತಾಗದಂತೆ ಬಟ್ಟೆ ಸುತ್ತಿ. ಹೆಪ್ಪುಗಟ್ಟಿದರೆ ಕಣಗಳು ಒಡೆಯುತ್ತವೆ, ಆಗ ಶೈತ್ಯದ ಉದ್ದೇಶವೇ ಹಾಳು.

ಶೈತ್ಯಕ್ಕೂ ಒಂದು ಬೆಲೆ ಇದೆ. ತಣ್ಣಗಾದ ಮೂತ್ರದಲ್ಲಿ ಯೂರೇಟ್ ಅಥವಾ ಫಾಸ್ಫೇಟ್ ಗಸಿ ಕಟ್ಟುತ್ತದೆ. ಆ ಪುಡಿಯನ್ನು ಎಣಿಸುವ ಮಿಷನ್ ಬ್ಯಾಕ್ಟೀರಿಯಾ ಎಂದೋ ಸಣ್ಣ ಆರ್‌ಬಿಸಿ ಎಂದೋ ಲೆಕ್ಕ ಹಾಕಬಹುದು. ಸ್ಟ್ರಿಪ್ಪಿನ ಶುಗರ್, ಲ್ಯೂಕೋಸೈಟ್ (ಬಿಳಿ ಕಣ) ಪ್ಯಾಡುಗಳಲ್ಲಿ ನಡೆಯುವುದು ಕಿಣ್ವದ ಕ್ರಿಯೆ, ತಣ್ಣನೆಯ ಮೂತ್ರದಲ್ಲಿ ಅದು ನಿಧಾನವಾಗಿ ಬಣ್ಣ ಕಡಿಮೆ ಬರುತ್ತದೆ. ಆದ್ದರಿಂದ ಬಾಕ್ಸಿನಿಂದ ತೆಗೆದ ಟ್ಯೂಬುಗಳನ್ನು ಕೋಣೆಯ ಶಾಖಕ್ಕೆ ಬರಲು 20–30 ನಿಮಿಷ ಬಿಟ್ಟು, ಮುಚ್ಚಳ ಹಾಕಿ ಏಳೆಂಟು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಆಮೇಲೆ ರ‍್ಯಾಕಿಗೆ ಹಾಕಿ. ಬೋರಿಕ್ ಆಮ್ಲದ ಟ್ಯೂಬುಗಳು ಕಲ್ಚರ್ ಪರೀಕ್ಷೆಗೆ ಒಳ್ಳೆಯವು. ಸ್ಟ್ರಿಪ್‌ಗೆ ಬಳಸಬೇಕಾದರೆ ನಿಮ್ಮ ಸ್ಟ್ರಿಪ್ ಕಂಪನಿಯ ಕೈಪಿಡಿ ಒಪ್ಪುತ್ತದೆಯೇ ನೋಡಿಕೊಳ್ಳಿ. ಫಾರ್ಮಲಿನ್ ಹಾಕಿದ್ದನ್ನಂತೂ ಸ್ಟ್ರಿಪ್‌ಗೆ ಬಳಸಲೇಬೇಡಿ.

ಬ್ಲಡ್ 2+ ಮತ್ತು ಕಣ ಇಲ್ಲದಿರುವುದಕ್ಕೆ ಇನ್ನೂ ಮೂರು ಕಾರಣ ನೆನಪಿರಲಿ. ಒಂದು, ಪಾತ್ರೆ. ಮನೆಯಿಂದ ತೊಳೆದು ತರುವ ಬಾಟಲಿಯಲ್ಲಿ ಬ್ಲೀಚಿಂಗ್ ಪುಡಿಯ ಅಂಶ ಉಳಿದಿದ್ದರೆ ಬ್ಲಡ್ ಪ್ಯಾಡೂ ಶುಗರ್ ಪ್ಯಾಡೂ ಸುಳ್ಳು ಪಾಸಿಟಿವ್ ಕೊಡುತ್ತವೆ. ನಿಮ್ಮ ಟೇಬಲ್ ಒರೆಸುವ ಹೈಪೋಕ್ಲೋರೈಟ್ ಕೂಡ ಬ್ಲೀಚೇ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಕೂಡ ಬ್ಲಡ್ ಪ್ಯಾಡನ್ನು ಮೋಸಗೊಳಿಸುತ್ತದೆ. ಎರಡು, ಹಿಮೋಗ್ಲೋಬಿನ್ನೇ ಮೂತ್ರಕ್ಕೆ ಬರುವುದು, ಅಂದರೆ ದೇಹದೊಳಗೇ ರಕ್ತಕಣ ಒಡೆಯುವ ಕಾಯಿಲೆ. ಮೂರು, ಮಯೋಗ್ಲೋಬಿನ್, ಅಂದರೆ ಸ್ನಾಯುವಿನಲ್ಲಿರುವ, ಹೀಮ್ ಹೊತ್ತ ಪ್ರೋಟೀನ್. ಸ್ನಾಯು ಜಜ್ಜಿದವರಲ್ಲಿ, ಬಿಸಿಲಲ್ಲಿ ವಿಪರೀತ ದುಡಿದು ಬಿದ್ದವರಲ್ಲಿ, ಕೆಲವು ಹಾವಿನ ಕಡಿತಗಳಲ್ಲಿ ಬರುತ್ತದೆ. ಕಬ್ಬಿನ ಗದ್ದೆಯ ಊರುಗಳಿಂದ ಸ್ಯಾಂಪಲ್ ಬರುವ ಲ್ಯಾಬಿಗೆ ಈ ಕೊನೆಯದು ದೂರದ ಮಾತಲ್ಲ. ತಾಜಾ ಸ್ಯಾಂಪಲ್, ಗ್ರ್ಯಾವಿಟಿ ಸರಿಯಿದೆ, ಬಣ್ಣ ಕಂದು, ಬ್ಲಡ್ 3+, ಕಣವೇ ಇಲ್ಲ ಎಂದಾದರೆ ಪ್ರಿಂಟ್ ಆಗುವುದಕ್ಕೂ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಅದೇ ಹೊತ್ತಿನಲ್ಲಿ ತೆಗೆದ ರಕ್ತದ ಸೀರಮ್ ಕೆಂಪಗಿದ್ದರೆ ಕಣ ಒಡೆಯುತ್ತಿರುವ ಸೂಚನೆ, ತಿಳಿಯಾಗಿದ್ದು ಸಿಕೆ (ಸ್ನಾಯುವಿನ ಒಂದು ಕಿಣ್ವ) ಏರಿದ್ದರೆ ಸ್ನಾಯುವಿನ ಕಡೆ ಸೂಚನೆ. ಸ್ನಾಯುವಿನದಾದರೆ ಕಿಡ್ನಿ ಉಳಿಸಲು ಗಂಟೆಗಳ ಲೆಕ್ಕ.

ಇನ್ನು ಆ ಸಕ್ಕರೆ ಕಾಯಿಲೆಯವರ ಸ್ಯಾಂಪಲ್. ಇದು ಉಲ್ಟಾ ಪ್ರಕರಣ: ಎಣಿಕೆಯಲ್ಲಿ 60, ಸ್ಟ್ರಿಪ್‌ನಲ್ಲಿ ನಿಲ್. ನೀವು ಕೊಟ್ಟ ಒಂದು ವಿವರ ನನಗೆ ಮುಖ್ಯವಾಗಿ ಕಾಣುತ್ತದೆ. ರಕ್ತದಲ್ಲಿ 128 ಇರುವಾಗ ಮೂತ್ರದಲ್ಲಿ 4+ ಬರುವುದು ಸಹಜವಲ್ಲ. ಸಾಮಾನ್ಯವಾಗಿ ರಕ್ತದಲ್ಲಿ ಸುಮಾರು 180 ದಾಟಿದ ಮೇಲೆ ಮೂತ್ರಕ್ಕೆ ಸಕ್ಕರೆ ಸೋರುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ಮೂತ್ರದ ದಾರಿಯಲ್ಲೇ ಸಕ್ಕರೆ ಹೊರಹಾಕುತ್ತವೆ, ಅಂಥವರಲ್ಲಿ ರಕ್ತದ ಸಕ್ಕರೆ ಹತೋಟಿಯಲ್ಲಿದ್ದರೂ ಮೂತ್ರದಲ್ಲಿ 4+ ಇರುವುದು ಔಷಧದ ಕೆಲಸ, ಪರೀಕ್ಷೆಯ ತಪ್ಪಲ್ಲ. ಅದೇ ಸಕ್ಕರೆಯಿಂದಾಗಿ ಅವರ ಗುಪ್ತಾಂಗದ ಸುತ್ತ ಈಸ್ಟ್ ಬೆಳೆಯುವುದು ಹೆಚ್ಚು. ಮೊಗ್ಗು ಒಡೆಯದ ಈಸ್ಟ್ ಕಣ ಗಾತ್ರದಲ್ಲಿ ಆರ್‌ಬಿಸಿಗೆ ಹತ್ತಿರ. ಎಣಿಸುವ ಮಿಷನ್ನುಗಳು ಅತಿ ಹೆಚ್ಚು ಎಡವುವ ಜಾಗ ಇದೇ. ಆ ಸ್ಯಾಂಪಲ್ ಈಗ ಕೈಯಲ್ಲಿಲ್ಲ, ಆದರೂ ಮಿಷನ್ ಉಳಿಸಿಟ್ಟ ಚಿತ್ರಗಳು ಇದ್ದರೆ ತೆರೆದು ನೋಡಿ. ಒಂದಕ್ಕೊಂದು ಅಂಟಿದ, ಒಂದು ದೊಡ್ಡದು ಒಂದು ಚಿಕ್ಕದು ಎನ್ನುವಂಥ ಜೋಡಿಗಳು ಕಂಡರೆ ಅದು ಈಸ್ಟ್.

ಈಸ್ಟ್ ಅಲ್ಲದಿದ್ದರೆ ಮುಂದಿನ ಅನುಮಾನ ಕ್ಯಾಲ್ಸಿಯಂ ಆಕ್ಸಲೇಟ್ ಮೊನೋಹೈಡ್ರೇಟ್ ಹರಳು. ನಾವು ಓದುವಾಗ ಕಲಿತ ಲಕೋಟೆ ಆಕಾರದ್ದು ಡೈಹೈಡ್ರೇಟ್, ಅದು ಮೋಸ ಮಾಡುವುದು ಕಡಿಮೆ. ಮೊನೋಹೈಡ್ರೇಟ್ ಅಂಡಾಕಾರಕ್ಕೆ ಇರುತ್ತದೆ, ಕೆಲವು ಕೋನದಲ್ಲಿ ಥೇಟ್ ಆರ್‌ಬಿಸಿ. ಗಾಳಿಗುಳ್ಳೆ, ಎಣ್ಣೆಹನಿಯೂ ಈ ಪಟ್ಟಿಯಲ್ಲಿವೆ. ಪ್ರತ್ಯೇಕಿಸುವುದಕ್ಕೆ ದುಬಾರಿ ಉಪಕರಣ ಬೇಡ: ಸೆಡಿಮೆಂಟಿನ (ತಳಕ್ಕಿಳಿದ ಗಸಿಯ) ಒಂದು ಹನಿಯನ್ನು ಬೇರೆ ಸ್ಲೈಡಿನಲ್ಲಿಟ್ಟು 2 ಶೇಕಡಾ ಅಸಿಟಿಕ್ ಆಮ್ಲದ ಒಂದು ಹನಿ ಸೇರಿಸಿ. ಕೆಂಪು ಕಣ ಕರಗುತ್ತದೆ, ಈಸ್ಟೂ ಆಕ್ಸಲೇಟೂ ಉಳಿಯುತ್ತವೆ, ಬಿಳಿ ಕಣದ ಕೇಂದ್ರ ಎದ್ದು ಕಾಣುತ್ತದೆ. ಅದೇ ಸೆಡಿಮೆಂಟಿನ ಆಮ್ಲವಿಲ್ಲದ ಹನಿಯನ್ನೂ ನೋಡಿಕೊಂಡಿರಬೇಕು, ಇಲ್ಲದಿದ್ದರೆ ಏನು ಕರಗಿತು ಎಂದು ತಿಳಿಯದು.

ಮೂರನೆಯ ಸಾಧ್ಯತೆಯಲ್ಲಿ ಆರ್‌ಬಿಸಿ ನಿಜ, ಸ್ಟ್ರಿಪ್ಪೇ ತಪ್ಪು. ವಿಟಮಿನ್ ಸಿ ಇದಕ್ಕೆ ಮುಖ್ಯ ಕಾರಣ. ಬ್ಲಡ್ ಮತ್ತು ಶುಗರ್ ಪ್ಯಾಡುಗಳಲ್ಲಿ ಬಣ್ಣ ಬರುವುದು ಆಕ್ಸಿಡೀಕರಣದಿಂದ. ವಿಟಮಿನ್ ಸಿ ಮಧ್ಯೆ ನುಗ್ಗಿ ಆ ಆಕ್ಸಿಜನ್ನನ್ನು ತಾನು ನುಂಗುತ್ತದೆ, ಬಣ್ಣ ಬರುವುದಿಲ್ಲ. ನೈಟ್ರೈಟ್, ಬಿಲಿರುಬಿನ್ ಕೂಡ ಇದರಿಂದ ಮುಚ್ಚಿಹೋಗುತ್ತವೆ. 500 ಮಿಲಿಗ್ರಾಂ ಚೀಪುವ ಮಾತ್ರೆ ದಿನವೂ ತಿನ್ನುವವರು, ಬೆಳಿಗ್ಗೆ ಲೋಟಗಟ್ಟಲೆ ನೆಲ್ಲಿಕಾಯಿ ರಸ ಕುಡಿಯುವವರು ನಮ್ಮಲ್ಲಿ ಬಹಳ. ಕೆಲವು ಕಂಪನಿಗಳ ಸ್ಟ್ರಿಪ್ಪಿನಲ್ಲಿ ಬ್ಲಡ್ ಪ್ಯಾಡಿನ ಮೇಲೆ ಅಯೋಡೇಟ್ ಪದರ ಇರುತ್ತದೆ, ಅದು ವಿಟಮಿನ್ ಸಿಯನ್ನು ತಡೆಯುತ್ತದೆ. ನಿಮ್ಮದರಲ್ಲಿ ಇದೆಯೇ ಎಂದು ಬಾಟಲಿಯ ಜೊತೆ ಬರುವ ಕಾಗದದಲ್ಲಿ ಓದಿ. ಇಲ್ಲವಾದರೆ ಮಾತ್ರೆ ನಿಲ್ಲಿಸಿ ಕನಿಷ್ಠ 24 ಗಂಟೆ ಬಿಟ್ಟು ಮತ್ತೆ ಸ್ಯಾಂಪಲ್ ಕೇಳಿ. ಆ ರೋಗಿಯ ಶುಗರ್ ಪ್ಯಾಡ್ 4+ ಚೆನ್ನಾಗಿ ಬಂದಿದೆಯಾದ್ದರಿಂದ ವಿಟಮಿನ್ ಸಿ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ, ನನ್ನ ಅನುಮಾನ ಈಸ್ಟಿನ ಮೇಲೆಯೇ.

ಕಲಕದ ಮೂತ್ರದ ಮಾತೂ ಇಲ್ಲೇ ಬರುತ್ತದೆ. ರ‍್ಯಾಕಿನಲ್ಲಿ ಅರ್ಧ ಗಂಟೆ ನಿಂತ ಟ್ಯೂಬಿನಲ್ಲಿ ಕಣಗಳು ತಳಕ್ಕೆ ಇಳಿದಿರುತ್ತವೆ. ಮೇಲಿನ ತಿಳಿಯಲ್ಲಿ ಸ್ಟ್ರಿಪ್ ಅದ್ದಿದರೆ ಬ್ಲಡ್ ನಿಲ್, ಕಲಕಿಕೊಂಡು ಹೀರುವ ಮಿಷನ್ನಿನಲ್ಲಿ ಆರ್‌ಬಿಸಿ ಇದೆ.

ನಿಮ್ಮ ಪತ್ರದಲ್ಲಿ "ಆರ್‌ಬಿಸಿ 60" ಎಂದಿದೆ, ಯಾವ ಮಾನದಲ್ಲಿ ಎಂದಿಲ್ಲ. ರಿಪೋರ್ಟಿನಲ್ಲೂ ಹಾಗೇ ಹೋಗಿದ್ದರೆ ಅದು ಬೇರೆಯೇ ಒಂದು ದೋಷ. ಮಿಷನ್ ಎಣಿಸುವುದು ಒಂದು ಮೈಕ್ರೋಲೀಟರಿಗೆ. ಡಾಕ್ಟರು ಓದುವ ಅಭ್ಯಾಸ ಹೈ ಪವರ್ ಫೀಲ್ಡಿಗೆ (ಮೈಕ್ರೋಸ್ಕೋಪಿನ ಹೆಚ್ಚು ವರ್ಧನೆಯಲ್ಲಿ ಒಮ್ಮೆಗೆ ಕಾಣುವ ವೃತ್ತಕ್ಕೆ). ಒಂದು ಫೀಲ್ಡಿಗೆ 3 ಅಥವಾ ಹೆಚ್ಚು ಆರ್‌ಬಿಸಿ ಇದ್ದರೆ ಮೂತ್ರರೋಗ ತಜ್ಞರು ಮುಂದಿನ ತಪಾಸಣೆಯ ಯೋಚನೆ ಮಾಡುತ್ತಾರೆ. ಮೈಕ್ರೋಲೀಟರಿನ 60ನ್ನು ಫೀಲ್ಡಿನ 60 ಎಂದು ಓದಿದವರು ಸ್ಕ್ಯಾನ್ ಬರೆಯದೆ ಇರುತ್ತಾರೆಯೇ? ಪರಿವರ್ತನೆಯ ಗುಣಕ ಮಿಷನ್ನಿನ ಕೈಪಿಡಿಯಲ್ಲಿರುತ್ತದೆ, ನಿಮ್ಮ ಮೈಕ್ರೋಸ್ಕೋಪಿನ ಫೀಲ್ಡಿಗೆ ಅದು ಹೊಂದುತ್ತದೆಯೇ ಎಂದು ತಾಳೆ ನೋಡಿ ಆಮೇಲೆ ಹಾಕಿ. ರಿಪೋರ್ಟಿನಲ್ಲಿ ಮಾನವೂ ಅದೇ ಮಾನದ ಸಾಮಾನ್ಯ ಮಿತಿಯೂ ಅಂಕಿಯ ಪಕ್ಕದಲ್ಲೇ ಇರಲಿ.

ಮಳೆಗಾಲದ ನೈಟ್ರೈಟ್‌ಗೆ ಬರೋಣ. ಸ್ಟ್ರಿಪ್ಪಿಗೆ ತೇವದ ಗಾಳಿ ವಿಷ. ಮುಚ್ಚಳ ತೆರೆದಿಟ್ಟ ಬಾಟಲಿಯಲ್ಲಿ ನೈಟ್ರೈಟ್ ಪ್ಯಾಡ್ ತಾನಾಗಿಯೇ ನಸುಗೆಂಪಾಗತೊಡಗುತ್ತದೆ. ಬೆಳಗಿನ ಗದ್ದಲದಲ್ಲಿ 50 ಸ್ಟ್ರಿಪ್ ಒಟ್ಟಿಗೆ ಟ್ರೇಗೆ ಸುರಿದುಕೊಳ್ಳುವುದು, ಫೀಡರಿನಲ್ಲಿ ಉಳಿದದ್ದನ್ನು ರಾತ್ರಿಯಿಡೀ ಅಲ್ಲೇ ಬಿಡುವುದು, ಎರಡು ಬಾಟಲಿಯ ಉಳಿಕೆಯನ್ನು ಒಂದಕ್ಕೆ ಸೇರಿಸುವುದು ಎಲ್ಲ ಕಡೆ ನಡೆಯುತ್ತದೆ, ಮಾಡಬಾರದು. ಪರೀಕ್ಷೆ ಹೀಗೆ: ಅದೇ ಬಾಟಲಿಯ ಒಂದು ಸ್ಟ್ರಿಪ್ಪನ್ನು ಡಿಸ್ಟಿಲ್ಡ್ ನೀರಿನಲ್ಲಿ ಓಡಿಸಿ. ನೈಟ್ರೈಟ್ ಪಾಸಿಟಿವ್ ಬಂದರೆ ಬಾಟಲಿ ಎಸೆಯಿರಿ. ಬಾಟಲಿಯ ಮೇಲೆ ತೆರೆದ ದಿನಾಂಕ ಬರೆಯಿರಿ, ಒಳಗಿನ ತೇವ ಹೀರುವ ಪೊಟ್ಟಣ ತೆಗೆಯಬೇಡಿ, 15–30 ಡಿಗ್ರಿಯಲ್ಲಿ ಇಡಿ, ಫ್ರಿಜ್ಜಿನಲ್ಲಿ ಬೇಡ.

ಡಿಸ್ಟಿಲ್ಡ್ ನೀರಿನಲ್ಲಿ ನೆಗೆಟಿವ್ ಬಂದರೆ ಮತ್ತೆ ಬೈಕಿನತ್ತಲೇ ನೋಡಬೇಕು. ದಾರಿಯಲ್ಲಿ ಬೆಳೆದ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೈಟ್ ಮಾಡಿರುತ್ತದೆ. ಅಂಥಲ್ಲಿ ನೈಟ್ರೈಟ್ ಪಾಸಿಟಿವ್, ಪಸ್ ಸೆಲ್ಸ್ ಇಲ್ಲ, ಬ್ಯಾಕ್ಟೀರಿಯಾ ಹೇರಳ ಎಂದು ಬರುತ್ತದೆ. ಇನ್ನೊಂದು ಮಾತು: ನೈಟ್ರೈಟ್ ನೆಗೆಟಿವ್ ಎಂದರೆ ಸೋಂಕಿಲ್ಲ ಎಂದಲ್ಲ. ಎಂಟರೊಕೊಕಸ್ ನೈಟ್ರೈಟ್ ಮಾಡುವುದೇ ಇಲ್ಲ. ಮಾಡುವ ಬ್ಯಾಕ್ಟೀರಿಯಾಕ್ಕೂ ಮೂತ್ರ ಸುಮಾರು ನಾಲ್ಕು ಗಂಟೆ ಮೂತ್ರಕೋಶದಲ್ಲಿ ನಿಂತಿರಬೇಕು. ಉರಿಮೂತ್ರದಿಂದ ಅರ್ಧ ಗಂಟೆಗೊಮ್ಮೆ ಹೋಗುವ ಹೆಂಗಸಿನಲ್ಲಿ ಅದಕ್ಕೆ ಸಮಯವೆಲ್ಲಿ? ಲ್ಯೂಕೋಸೈಟ್ ಪ್ಯಾಡ್ ಕೂಡ ಅತಿ ಹೆಚ್ಚು ಸಕ್ಕರೆ, ಅತಿ ಗಾಢ ಮೂತ್ರ, ಸೆಫಲೆಕ್ಸಿನ್, ಟೆಟ್ರಾಸೈಕ್ಲಿನ್ ಇದ್ದಾಗ ಕಡಿಮೆ ತೋರಿಸುತ್ತದೆ. ಫೆನಾಜೊಪಿರಿಡಿನ್ ಮಾತ್ರೆಯ ಕಿತ್ತಳೆ ಬಣ್ಣ, ರಿಫಾಂಪಿಸಿನ್ನಿನ ಕೆಂಪು, ಬೀಟ್‌ರೂಟಿನ ಗುಲಾಬಿ ಇವೆಲ್ಲ ಪ್ಯಾಡಿನ ಬಣ್ಣ ಓದುವ ಸೆನ್ಸರನ್ನು ದಾರಿ ತಪ್ಪಿಸುತ್ತವೆ. ಗಾಢ ಬಣ್ಣದ ಸ್ಯಾಂಪಲ್ಲಿನ ಸ್ಟ್ರಿಪ್ ಫಲಿತಾಂಶವನ್ನು ಷರಾ ಇಲ್ಲದೆ ಬಿಡಬೇಡಿ.

ಪ್ರೋಟೀನ್ 1+ ಮತ್ತು ನಿಲ್ ನಡುವಿನ ಜಗಳ ಬಹುಪಾಲು ಜಗಳವೇ ಅಲ್ಲ. 1+ ಎಂದರೆ ಸುಮಾರು 30 ಮಿಲಿಗ್ರಾಂ ಪ್ರತಿ ಡೆಸಿಲೀಟರಿಗೆ. ಬೆಳಗಿನ ಗಾಢ ಮೂತ್ರದಲ್ಲಿ, ಗ್ರ್ಯಾವಿಟಿ 1.030 ಇದ್ದಾಗ, ಆ 30ಕ್ಕೆ ಹೆಚ್ಚು ಅರ್ಥವಿಲ್ಲ. ಎರಡು ಲೋಟ ನೀರು ಕುಡಿದು ಮಧ್ಯಾಹ್ನ ಬೇರೆ ಲ್ಯಾಬಿಗೆ ಕೊಟ್ಟರೆ ಅದೇ ಕಿಡ್ನಿಯಿಂದ ನಿಲ್ ಬರುತ್ತದೆ. ಗ್ರ್ಯಾವಿಟಿ 1.005 ಇರುವಾಗ 1+ ಬಂದರೆ ಅದು ಗಂಭೀರ. ಗ್ರ್ಯಾವಿಟಿ ನೋಡದೆ ಪ್ಲಸ್ ಓದುವುದು ಅಭ್ಯಾಸವಾಗಬಾರದು. ಜ್ವರ, ಹಿಂದಿನ ದಿನದ ಕಠಿಣ ದುಡಿಮೆ ಕೂಡ ತಾತ್ಕಾಲಿಕ ಪ್ರೋಟೀನ್ ತರುತ್ತವೆ. ಸುಳ್ಳು ಪಾಸಿಟಿವ್ ಬರುವುದು ಮೂತ್ರದ ಪಿಎಚ್ 8 ದಾಟಿದಾಗ (ಹಳೆಯ ಸ್ಯಾಂಪಲ್!), ಕ್ಲೋರ್‌ಹೆಕ್ಸಿಡಿನ್ ಅಥವಾ ಕ್ವಾಟರ್ನರಿ ಅಮೋನಿಯಂ ಇರುವ ಕ್ರಿಮಿನಾಶಕ ಪಾತ್ರೆಗೆ ಸೋಕಿದಾಗ. ಡಯಾಬಿಟಿಸ್, ಬಿಪಿ ಇರುವವರಿಗೆ ಸ್ಟ್ರಿಪ್ಪಿನ ಮೇಲೆ ತೀರ್ಮಾನ ಬೇಡ, ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಮಾಡಿಸಿ ಎಂದು ಷರಾ ಬರೆಯಿರಿ. ಅದರಲ್ಲಿ ಗ್ರಾಂ ಕ್ರಿಯಾಟಿನಿನ್ನಿಗೆ 30 ಮಿಲಿಗ್ರಾಂ ಒಳಗೆ ಸಾಮಾನ್ಯ, 300 ದಾಟಿದರೆ ತೀವ್ರ. ನೀರು ಕುಡಿದದ್ದು ಬಿಟ್ಟದ್ದು ಈ ಲೆಕ್ಕವನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಸ್ಟ್ರಿಪ್ ಕಾಣದ ಪ್ರೋಟೀನೂ ಇದೆ. ಪ್ಯಾಡ್ ಹಿಡಿಯುವುದು ಆಲ್ಬುಮಿನ್ನನ್ನು. ಮಲ್ಟಿಪಲ್ ಮೈಲೋಮಾದಲ್ಲಿ (ಮೂಳೆಮಜ್ಜೆಯ ಒಂದು ಕ್ಯಾನ್ಸರ್) ಬರುವ ಲೈಟ್ ಚೈನ್ ಎಂಬ ಪ್ರೋಟೀನುಗಳನ್ನು ಅದು ಬಿಟ್ಟುಬಿಡುತ್ತದೆ. ವಯಸ್ಸಾದವರು, ಬೆನ್ನುನೋವು, ರಕ್ತಹೀನತೆ, ಕ್ರಿಯಾಟಿನಿನ್ ಏರಿಕೆ ಎಂದು ಚೀಟಿಯಲ್ಲಿದ್ದರೆ ತಿಳಿ ಮೂತ್ರಕ್ಕೆ ಸಮಪ್ರಮಾಣದ 3 ಶೇಕಡಾ ಸಲ್ಫೊಸ್ಯಾಲಿಸಿಲಿಕ್ ಆಮ್ಲ ಹಾಕಿ ನೋಡಿ. ಸ್ಟ್ರಿಪ್ ನಿಲ್ ಇದ್ದು ಇದು ಕದಡಿದರೆ ಡಾಕ್ಟರಿಗೆ ತಿಳಿಸಬೇಕಾದ ಸಂಗತಿ. ಎಕ್ಸ್‌ರೇ ಕಾಂಟ್ರಾಸ್ಟ್, ಪೆನಿಸಿಲಿನ್ ಇದ್ದರೂ ಕದಡುತ್ತದೆ, ವಿಚಾರಿಸಿಕೊಳ್ಳಿ.

ಎಣಿಸುವ ಮಿಷನ್ನಿನ ಉಳಿದ ದೌರ್ಬಲ್ಯಗಳು ಬೇಗ ಹೇಳಿಬಿಡುತ್ತೇನೆ: ಲೋಳೆಯ ಎಳೆಯನ್ನು ಕಾಸ್ಟ್ ಎನ್ನುತ್ತದೆ, ವೀರ್ಯಾಣುವನ್ನು ಬ್ಯಾಕ್ಟೀರಿಯಾ ಎನ್ನಬಹುದು, ಅಲ್ಲಾಡದೆ ಸತ್ತ ಟ್ರೈಕೊಮೊನಾಸ್ ಎಂಬ ಪರಾವಲಂಬಿಯನ್ನು ಪಸ್ ಸೆಲ್ ಎನ್ನುತ್ತದೆ, ಗುಂಪುಗಟ್ಟಿದ ಪಸ್ ಸೆಲ್ಸನ್ನು ಕಡಿಮೆ ಎಣಿಸುತ್ತದೆ. ಇವುಗಳಿಗಿಂತ ಒಂದನ್ನು ನೀವೇ ಅಳೆಯಬೇಕು, ಅದು ಹಿಂದಿನ ಸ್ಯಾಂಪಲ್ಲಿನ ಉಳಿಕೆ. ಕಣ ತುಂಬಿದ ಸ್ಯಾಂಪಲ್ಲನ್ನು ಮೂರು ಸಲ, ಬೆನ್ನಿಗೇ ಶುದ್ಧ ಸ್ಯಾಂಪಲ್ಲನ್ನು ಮೂರು ಸಲ ಓಡಿಸಿ. ಶುದ್ಧದ ಮೊದಲ ಅಂಕಿಯಿಂದ ಮೂರನೆಯದನ್ನು ಕಳೆಯಿರಿ. ತುಂಬಿದ್ದರ ಮೂರನೆಯ ಅಂಕಿಯಿಂದ ಶುದ್ಧದ ಮೂರನೆಯದನ್ನು ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 100ರಿಂದ ಗುಣಿಸಿ. ಉದಾಹರಣೆಗೆ 2,000 ಇದ್ದದ್ದರ ಹಿಂದೆ ಬಂದ ಶುದ್ಧ ಸ್ಯಾಂಪಲ್ 12, ಮೂರನೆಯ ಸಲ 2 ಎಂದರೆ ಉಳಿಕೆ 0.5 ಶೇಕಡಾ. ಕೇಳಲು ಅಲ್ಪ, ಆದರೆ ಆರೋಗ್ಯವಂತರ ರಿಪೋರ್ಟಿಗೆ ಹತ್ತು ಕಣ ಸೇರಿತು. ಕೈಪಿಡಿಯ ಮಿತಿ ಮೀರಿದರೆ ಆಗ ಎಂಜಿನಿಯರನ್ನು ಅಂಕಿ ಹಿಡಿದು ಕರೆಯಿರಿ. ಮೀರದಿದ್ದರೂ, ಕಣ್ಣಿಗೆ ಕಾಣುವಂತೆ ರಕ್ತ ಅಥವಾ ಕೀವು ಇರುವ ಸ್ಯಾಂಪಲ್ಲನ್ನು ಕೊನೆಗೆ ಓಡಿಸಿ, ಅದರ ಹಿಂದೆ ಒಂದು ಬ್ಲ್ಯಾಂಕ್ ಹಾಕಿ. ಗಟ್ಟಿ ಲೋಳೆಯದನ್ನು ಮಿಷನ್ನಿಗೆ ಹಾಕಲೇಬೇಡಿ.

ಮೈಕ್ರೋಸ್ಕೋಪನ್ನು ತೀರ್ಪುಗಾರನನ್ನಾಗಿ ಮಾಡುವ ಮೊದಲು ಅದರ ತಯಾರಿಯೂ ಸರಿಯಿರಬೇಕು. ಸೆಂಟ್ರಿಫ್ಯೂಜನ್ನು 3,000ಕ್ಕೆ ತಿರುಗಿಸಿ ಐದು ನಿಮಿಷ ಬಿಡುವ ಲ್ಯಾಬುಗಳು ಬಹಳ. ಬೇಕಾದದ್ದು 400 ಜಿ ಬಲ (ಗುರುತ್ವದ 400 ಪಟ್ಟು), ಐದು ನಿಮಿಷ. ರೋಟರಿನ ನಡುವಿನಿಂದ ಟ್ಯೂಬಿನ ತಳಕ್ಕೆ 15 ಸೆಂಟಿಮೀಟರ್ ಇದ್ದರೆ ಅದು ಸುಮಾರು 1,550 ಆರ್‌ಪಿಎಂ, 10 ಸೆಂಟಿಮೀಟರ್ ಇದ್ದರೆ ಸುಮಾರು 1,900. 15 ಸೆಂಟಿಮೀಟರಿನ ರೋಟರನ್ನು 3,000ಕ್ಕೆ ತಿರುಗಿಸಿದರೆ ಸುಮಾರು 1,500 ಜಿ ಆಗಿ ಕಾಸ್ಟ್‌ಗಳು ಮುರಿಯುತ್ತವೆ. ಬ್ರೇಕ್ ಹಾಕಿ ನಿಲ್ಲಿಸಬೇಡಿ, ತಳದ್ದು ಮತ್ತೆ ಕದಡುತ್ತದೆ. ಪ್ರತಿ ಸಲ 10 ಮಿಲಿಲೀಟರ್ ತೆಗೆದುಕೊಂಡು 0.5 ಮಿಲಿಲೀಟರ್ ಉಳಿಸಿ, ಅದರಲ್ಲಿ 20 ಮೈಕ್ರೋಲೀಟರನ್ನು 22 ಮಿಲಿಮೀಟರಿನ ಚೌಕ ಕವರ್‌ಸ್ಲಿಪ್ ಅಡಿಯಲ್ಲಿಟ್ಟು, ಕಾಸ್ಟ್‌ಗೆ ಲೋ ಪವರಿನಲ್ಲಿ ಅಂಚುಗಳನ್ನೂ ಸೇರಿಸಿ ಹತ್ತು ಫೀಲ್ಡ್, ಕಣಗಳಿಗೆ ಹೈ ಪವರಿನಲ್ಲಿ ಹತ್ತು ಫೀಲ್ಡ್. ಕಂಡೆನ್ಸರ್ ಇಳಿಸಿ ಬೆಳಕು ತಗ್ಗಿಸದಿದ್ದರೆ ಪಾರದರ್ಶಕವಾದ ಹಯಲೈನ್ ಕಾಸ್ಟ್ ಕಾಣುವುದೇ ಇಲ್ಲ.

ನಿಮ್ಮ ಮುಂದಿರುವ ದಾರಿಗಳು ಈಗ. ಎಲ್ಲವನ್ನೂ ಕೈಯಿಂದ ನೋಡುವುದಾದರೆ 80 ಸ್ಯಾಂಪಲ್ಲಿಗೆ ತಲಾ ಐದು ನಿಮಿಷ ಹಿಡಿದರೂ ಆರು ಗಂಟೆ ನಲವತ್ತು ನಿಮಿಷ. ಮಧ್ಯಾಹ್ನದ ಹೊತ್ತಿಗೆ ದಣಿದ ಕಣ್ಣು ಮಿಷನ್ನಿಗಿಂತ ಹೆಚ್ಚು ತಪ್ಪು ಮಾಡುತ್ತದೆ. ಹೊಸ ಮಿಷನ್ ಕೊಂಡರೆ ಈಸ್ಟ್, ಹರಳು, ತಡ ಇವು ಅಲ್ಲೂ ಬರುತ್ತವೆ, ಸಾಲ ಮಾತ್ರ ಎರಡಾಗುತ್ತದೆ. ಈಗಿನಂತೆ ಎಲ್ಲವನ್ನೂ ನೇರ ಪ್ರಿಂಟ್ ಮಾಡುವುದು ರೋಗಿಗೆ ಅಪಾಯ. ನಾನು ಹೇಳುವುದು ನಾಲ್ಕನೆಯದು: ಮಿಷನ್ ಓಡಿಸಿ, ಕೆಲವು ನಿಯಮಕ್ಕೆ ಸಿಕ್ಕಿಬಿದ್ದ ಸ್ಯಾಂಪಲ್ಲನ್ನು ಮಾತ್ರ ಕಣ್ಣಿನಿಂದ ನೋಡಿ.

ನಿಯಮಗಳನ್ನು ಗೋಡೆಗೆ ಅಂಟಿಸಿ. ಬ್ಲಡ್ ಮತ್ತು ಆರ್‌ಬಿಸಿ ಹೊಂದದಿದ್ದರೆ. ಲ್ಯೂಕೋಸೈಟ್ ಮತ್ತು ಪಸ್ ಸೆಲ್ಸ್ ಹೊಂದದಿದ್ದರೆ. ನೈಟ್ರೈಟ್ ಪಾಸಿಟಿವ್ ಇದ್ದು ಬ್ಯಾಕ್ಟೀರಿಯಾ ಇಲ್ಲದಿದ್ದರೆ. ಪ್ರೋಟೀನ್ 2+ ಅಥವಾ ಹೆಚ್ಚು ಇದ್ದರೆ. ಮಿಷನ್ ಕಾಸ್ಟ್, ಈಸ್ಟ್ ಅಥವಾ ಗುರುತಿಸಲಾಗದ ಕಣ ಎಂದು ತೋರಿಸಿದರೆ. ಬಣ್ಣ ಅಸಹಜವಾಗಿದ್ದರೆ. ಕಿಡ್ನಿ ತಜ್ಞರು ಕಳಿಸಿದ್ದಾದರೆ ಯಾವ ಅಂಕಿ ಬಂದರೂ ನೋಡಲೇಬೇಕು, ಏಕೆಂದರೆ ಅವರಿಗೆ ಬೇಕಾದದ್ದು ಆರ್‌ಬಿಸಿ ಕಾಸ್ಟ್ ಮತ್ತು ವಿಕಾರಗೊಂಡ ಆರ್‌ಬಿಸಿ, ಅವುಗಳಲ್ಲಿ ಮಿಷನ್ನನ್ನು ನಂಬುವಂತಿಲ್ಲ. ಇದನ್ನು ಜಾರಿಗೆ ತರುವ ಮೊದಲು ಸುಮಾರು 100 ಸ್ಯಾಂಪಲ್ಲನ್ನು, ರೋಗವಿರುವವೂ ಸಾಕಷ್ಟು ಇರುವಂತೆ ಆರಿಸಿ, ಒಬ್ಬರು ಮಿಷನ್ನಿನಲ್ಲಿ, ಇನ್ನೊಬ್ಬರು ಆ ಅಂಕಿ ನೋಡದೆ ಮೈಕ್ರೋಸ್ಕೋಪಿನಲ್ಲಿ, ಒಂದು ಗಂಟೆಯೊಳಗೆ ಓದಿ. ನಿಯಮಕ್ಕೆ ಸಿಗದೆ ತಪ್ಪಿಸಿಕೊಂಡ ರೋಗ ಎಷ್ಟು ಎಂದು ಎಣಿಸಿ, ಅದರಂತೆ ನಿಯಮ ಬಿಗಿ ಮಾಡಿ. ಲ್ಯಾಬ್ ಗುಣಮಟ್ಟದ ಐಎಸ್‌ಒ 15189 ಅಡಿಯಲ್ಲಿ ಎನ್‌ಎಬಿಎಲ್ ಮಾನ್ಯತೆಗೆ ಮುಂದೆಂದಾದರೂ ಅರ್ಜಿ ಹಾಕುವುದಾದರೆ ಈ ದಾಖಲೆ ಕೆಲಸಕ್ಕೆ ಬರುತ್ತದೆ. ಸಣ್ಣ ಅಂಕಿಯಲ್ಲಿ ಮಾತ್ರ ಕೂದಲು ಸೀಳಬೇಡಿ. ಒಂದೇ ಸ್ಯಾಂಪಲ್ಲಿನಲ್ಲಿ ಒಮ್ಮೆ 3, ಒಮ್ಮೆ 6 ಕಣ ಸಿಗುವುದು ಎಣಿಕೆಯ ಸಹಜ ಏರಿಳಿತ.

ಕಲೆಕ್ಷನ್ ಪಾಯಿಂಟಿಗೆ ಮೂರು ವಸ್ತು ಕೊಡಿ: ಒಣಗಿದ ಹೊಸ ಕಂಟೇನರ್, ಐಸ್ ಬಾಕ್ಸ್, ಸಮಯ ಬರೆಯುವ ಲೇಬಲ್. ಲೇಬಲ್ ಮುಚ್ಚಳಕ್ಕಲ್ಲ, ಡಬ್ಬಿಯ ಮೈಗೆ. ಹೆಂಗಸರಿಗೆ ಮುಟ್ಟಿನ ದಿನವೇ ಎಂದು ಮುಜುಗರವಿಲ್ಲದೆ ಕೇಳಿ ಬರೆದುಕೊಳ್ಳಲಿ. ಮೊದಲ ಧಾರೆ ಬಿಟ್ಟು ನಡುವಿನದ್ದು ಹಿಡಿಯಲು ಹೇಳಲಿ. ಸ್ಕ್ವೇಮಸ್ ಎಪಿಥೀಲಿಯಲ್ ಸೆಲ್ (ಗುಪ್ತಾಂಗದ ಸುತ್ತಲಿನ ಹೊರಪದರದ ಕಣ) ಹೇರಳವಾಗಿದ್ದ ಸ್ಯಾಂಪಲ್ಲಿನ ಪಸ್ ಸೆಲ್ಸ್ ಮೂತ್ರದವೇ ಎನ್ನಲಾಗದು, ಮತ್ತೆ ಕೇಳಬೇಕು. ಐಸ್ ಬಾಕ್ಸ್ ಸಾಧ್ಯವೇ ಇಲ್ಲದ ದಿನ ಎರಡು ಗಂಟೆ ಮೀರಿದ ಸ್ಯಾಂಪಲ್ಲನ್ನು ತಿರಸ್ಕರಿಸುವ ಧೈರ್ಯ ಇರಲಿ. ಆಗದಿದ್ದರೆ ಸಮಯವನ್ನಾದರೂ ರಿಪೋರ್ಟಿನಲ್ಲಿ ಅಚ್ಚು ಮಾಡಿ.

ಡಾಕ್ಟರ ಫೋನಿಗೆ ಉತ್ತರ ರಿಪೋರ್ಟಿನಲ್ಲೇ ಇರಬಹುದು. "ಸ್ಟ್ರಿಪ್‌ನಲ್ಲಿ ಬ್ಲಡ್ 2+, ಮೈಕ್ರೋಸ್ಕೋಪಿನಲ್ಲಿ ಕೆಂಪು ಕಣ ಇಲ್ಲ, ಗ್ರ್ಯಾವಿಟಿ 1.005, ಸ್ಯಾಂಪಲ್ ನಾಲ್ಕು ಗಂಟೆ ಹಳೆಯದು, ಕಣ ಒಡೆದಿರುವ ಸಾಧ್ಯತೆ, ತಾಜಾ ಸ್ಯಾಂಪಲ್ ಕಳಿಸಿ" ಎಂಬ ಷರಾ ಬರೆಯಲು ಅರ್ಧ ನಿಮಿಷ ಸಾಕು. ಆ ಸಕ್ಕರೆ ಕಾಯಿಲೆಯವರನ್ನೂ ಒಮ್ಮೆ ಕರೆಸಿ. ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿ, ನಿಮ್ಮ ಕೌಂಟರಿನಲ್ಲೇ ಹಿಡಿದ ಹೊಸ ಸ್ಯಾಂಪಲ್ಲನ್ನು ದುಡ್ಡು ತೆಗೆದುಕೊಳ್ಳದೆ ನೋಡಿ. ಈಸ್ಟ್ ಇದ್ದರೆ ಅವರಿಗೆ ತುರಿಕೆ, ಉರಿ ಇದ್ದೀತು, ಹೇಳಿಕೊಂಡಿರಲಿಕ್ಕಿಲ್ಲ. ಅವರ ಡಾಕ್ಟರಿಗೆ ತಿಳಿಸಿದರೆ ಅದಕ್ಕೆ ಸುಲಭ ಚಿಕಿತ್ಸೆ ಇದೆ.